ಗಣಕ ವ್ಯವಸ್ಥೆ ಬದಲಾದಾಗ ಬಿಲ್ಲಿನ ನಮೂನೆ ಯಾರ ಸ್ವತ್ತು?

ವ್ಯಾಪಾರ ಸಂಸ್ಥೆಯೊಂದು ಹಳೆಯ ಗಣಕ ವ್ಯವಸ್ಥೆಯನ್ನು ಬಿಟ್ಟು ಹೊಸದಕ್ಕೆ ಸಾಗುವಾಗ ಎಲ್ಲರ ಗಮನವೂ ಲೆಕ್ಕದ ಮೇಲೆಯೇ ಇರುತ್ತದೆ. ಖಾತೆಗಳ ಶಿಲ್ಕು ಸರಿಯಾಗಿ ಬಂದಿತೇ, ದಾಸ್ತಾನು ತಾಳೆಯಾಯಿತೇ, ಗಿರಾಕಿಗಳ ಬಾಕಿ ಪೂರ್ತಿಯಾಗಿ ಏರಿತೇ ಎಂಬುದನ್ನು ಮಾಲೀಕರು, ಗುಮಾಸ್ತರು, ಲೆಕ್ಕಪರಿಶೋಧಕರು ಕೂಡಿ ಪರೀಕ್ಷಿಸುತ್ತಾರೆ. ಅದು ಯೋಗ್ಯವೇ. ಆದರೆ ಹೊಸ ವ್ಯವಸ್ಥೆ ಚಾಲನೆಗೆ ಬಂದ ಮೊದಲ ದಿನ, ಮಾಲು ತುಂಬಿದ ಲಾರಿ ಬಾಗಿಲಲ್ಲಿ ನಿಂತಿರುವಾಗ, ಕೆಲಸ ಕೆಡುವುದು ಎಷ್ಟೋ ವೇಳೆ ಶಿಲ್ಕಿನ ವ್ಯತ್ಯಾಸದಿಂದಲ್ಲ. ಬಿಲ್ಲು ಸರಿಯಾಗಿ ಮುದ್ರಣವಾಗದಿರುವುದರಿಂದ.

ಮುದ್ರಣ ಪರಿಕರಗಳೆಂದರೆ ಇಲ್ಲಿ ಕಾಗದ, ಶಾಯಿಗಳಲ್ಲ. ಬಿಲ್ಲಿನ ನಮೂನೆ, ಸಂಸ್ಥೆಯ ಲಾಂಛನದ ಚಿತ್ರ, ಅಕ್ಷರಶೈಲಿಗಳು, ಚೆಕ್ಕಿನ ಮೇಲೆ ಹೆಸರು ಮೊತ್ತಗಳು ಬೀಳಬೇಕಾದ ಅಳತೆ, ಪೊಟ್ಟಣದ ಲೇಬಲ್ಲಿನ ವಿನ್ಯಾಸ, ಮುದ್ರಕಕ್ಕೆ ಹೋಗುವ ಆಜ್ಞೆಗಳು, ಇವೆಲ್ಲ ಅದರಲ್ಲಿ ಸೇರುತ್ತವೆ. ಇವು ಲೆಕ್ಕದ ಕಡತಗಳೊಂದಿಗೆ ತಾವಾಗಿ ಬರುವುದಿಲ್ಲ.

ಡಾಸ್ ಕಾಲದ ಬಿಲ್ಲಿಂಗ್ ಪ್ರೋಗ್ರಾಂಗಳನ್ನೇ ತೆಗೆದುಕೊಂಡರೆ, ಅವುಗಳಲ್ಲಿ ನಮೂನೆಯೆಂಬುದು ಪ್ರತ್ಯೇಕವಾಗಿ ಇರುತ್ತಲೇ ಇರಲಿಲ್ಲ. ಅಂಗುಲಕ್ಕೆ ಆರು ಸಾಲು, ಹತ್ತು ಅಕ್ಷರಗಳ ಲೆಕ್ಕದಲ್ಲಿ ಅಚ್ಚಾದ ಫಾರಂಗೆ ಹೊಂದುವಂತೆ, ಯಾವ ಸಾಲಿನ ಯಾವ ಕಾಲಂನಲ್ಲಿ ಯಾವ ಮೊತ್ತ ಎಂಬುದನ್ನು ಪ್ರೋಗ್ರಾಂ ಬರೆದವನು ಒಳಗೇ ಹೆಣೆದುಬಿಟ್ಟಿರುತ್ತಿದ್ದ. ಎಪ್ಸನ್ ಮಾದರಿಯ ಡಾಟ್ ಮ್ಯಾಟ್ರಿಕ್ಸ್ ಮುದ್ರಕಕ್ಕೆ 15 ಎಂಬ ಸಂಕೇತ ಹೋದರೆ ಅಕ್ಷರ ಕಿರಿದಾಗುತ್ತದೆ, 18 ಹೋದರೆ ಮಾಮೂಲಿಗೆ ಮರಳುತ್ತದೆ. ಇಂಥ ಸಂಕೇತಗಳನ್ನು ಹೊಸ ಲೇಸರ್ ಮುದ್ರಕ ಅದೇ ರೀತಿ ಅರ್ಥಮಾಡಿಕೊಳ್ಳುತ್ತದೆಂಬ ಭರವಸೆಯಿಲ್ಲ. ಕಾರ್ಬನ್ ಪ್ರತಿಯೂ ಅದರಲ್ಲಿ ಬಾರದು. ಇ-ಇನ್‌ವಾಯ್ಸ್ ವ್ಯಾಪ್ತಿಗೆ ಬಾರದ ವರ್ತಕರು ಸರಕಿನ ಬಿಲ್ಲಿಗೆ ಗಿರಾಕಿ, ಸಾಗಣೆದಾರ, ಮಾರಾಟಗಾರ ಎಂದು ಮೂರು ಪ್ರತಿ ಮಾಡಲೇಬೇಕಾಗಿರುವುದರಿಂದ, ಒಂದೊಂದು ಪ್ರತಿಗೂ ತಕ್ಕ ತಲೆಬರಹ ಬರುವ ಏರ್ಪಾಡನ್ನು ಹೊಸದಾಗಿ ಮಾಡಿಸಬೇಕಾಗುತ್ತದೆ. ಇನ್ನು 2023ರ ಆಗಸ್ಟ್ 1ರಿಂದ ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿದವರು ನೋಂದಾಯಿತ ವರ್ತಕರಿಗೆ ನೀಡುವ ಬಿಲ್ಲಿನಲ್ಲಿ ಕ್ಯೂಆರ್ ಸಂಕೇತವನ್ನು ಮುದ್ರಿಸಬೇಕಾಗಿ ಬಂದಿದೆ. ಅದು ಚಿತ್ರ, ಬರಿಯ ಅಕ್ಷರಗಳನ್ನು ಸಾಲುಸಾಲಾಗಿ ಕಳುಹಿಸುವ ಹಳೆಯ ಪದ್ಧತಿಗೆ ನಿಲುಕುವ ವಸ್ತುವಲ್ಲ. ಸಣ್ಣ ಘಟಕಗಳು ಇಷ್ಟವಿಲ್ಲದೆಯೂ ವ್ಯವಸ್ಥೆ ಬದಲಿಸುತ್ತಿರುವುದಕ್ಕೆ ಇದೂ ಒಂದು ಕಾರಣ.

ತಯಾರಕರಿಗೆ ಇದಕ್ಕಿಂತ ಸೂಕ್ಷ್ಮವಾದ ಅಪಾಯ ಲೇಬಲ್ಲಿನಲ್ಲಿದೆ. ಲೇಬಲ್ ಮುದ್ರಕಗಳಲ್ಲಿ ಅಂಗುಲಕ್ಕೆ 203 ಚುಕ್ಕೆಯವೂ ಇವೆ, 300 ಚುಕ್ಕೆಯವೂ ಇವೆ. ವಿನ್ಯಾಸವನ್ನು ಮಿಲಿಮೀಟರ್‌ಗಳಲ್ಲಿ ಅಲ್ಲದೆ ಚುಕ್ಕೆಗಳ ಲೆಕ್ಕದಲ್ಲಿ ಬರೆದಿದ್ದರೆ, ಮೊದಲನೆಯದರಲ್ಲಿ 40 ಮಿಲಿಮೀಟರ್ ಅಗಲ ಬರುತ್ತಿದ್ದದ್ದು ಎರಡನೆಯದರಲ್ಲಿ ಸುಮಾರು 27 ಮಿಲಿಮೀಟರ್‌ಗೆ ಕುಗ್ಗುತ್ತದೆ. ನೋಡುವವರಿಗೆ ಲೇಬಲ್ಲು ಅಂದವಾಗಿಯೇ ಕಾಣುತ್ತದೆ, ಅಕ್ಷರ ಇನ್ನಷ್ಟು ಸ್ಫುಟವಾಗಿರುತ್ತದೆ. ಆದರೆ 2011ರ ಪೊಟ್ಟಣ ಸಾಮಗ್ರಿ ನಿಯಮಗಳು ಅಂಕಿ ಅಕ್ಷರಗಳಿಗೆ ಕನಿಷ್ಠ ಎತ್ತರವನ್ನು ಗೊತ್ತುಪಡಿಸಿವೆ. ಕುಗ್ಗಿದ ಅಂಕಿ ಆ ಮಿತಿಯನ್ನು ದಾಟಿ ಕೆಳಗಿಳಿದರೆ ಹೊಣೆ ತಯಾರಕನದೇ. ಬಾರ್‌ಕೋಡಿನ ಪಾಡೂ ಹಾಗೆಯೇ. ಅಂಗಡಿ ಸಾಮಾನುಗಳ ಮೇಲಿರುವ ಇಎಎನ್-13 ಸಂಕೇತದ ಅತಿ ಸಣ್ಣ ಗೆರೆಗೆ 0.33 ಮಿಲಿಮೀಟರ್ ಪ್ರಮಾಣಿತ ಅಗಲ. ಅದನ್ನು ಶೇಕಡಾ 80ರವರೆಗೆ, ಅಂದರೆ 0.264ರವರೆಗೆ ಮಾತ್ರ ಕಿರಿದಾಗಿಸಬಹುದು. ಹಳೆಯ ಯಂತ್ರದಲ್ಲಿ ಮೂರು ಚುಕ್ಕೆಯ ಗೆರೆ 0.375 ಮಿಲಿಮೀಟರ್ ಇದ್ದದ್ದು ಹೊಸದರಲ್ಲಿ 0.254 ಆಗುತ್ತದೆ. ದೊಡ್ಡ ಮಳಿಗೆಯ ಸ್ಕ್ಯಾನರ್ ಅದನ್ನು ಓದದೆ ಸರಕು ಹಿಂದಿರುಗಿದಾಗ ದೋಷ ಎಲ್ಲಿಯದೆಂದು ಹುಡುಕಲು ವಾರಗಳು ಬೇಕಾಗಬಹುದು.

ಕನ್ನಡದಲ್ಲಿ ವ್ಯವಹರಿಸುವವರಿಗೆ ಇನ್ನೊಂದು ತೊಡಕುಂಟು. ನುಡಿ, ಬರಹ, ಶ್ರೀಲಿಪಿ ಮುಂತಾದ ತಂತ್ರಾಂಶಗಳಲ್ಲಿ ಯೂನಿಕೋಡ್ ಅಲ್ಲದ ಅಕ್ಷರಶೈಲಿಗಳಿಂದ ಟೈಪಿಸಿಟ್ಟ ದರಪಟ್ಟಿ, ವಿಳಾಸ, ಬಿಲ್ಲಿನ ಕೆಳಗಿನ ಷರತ್ತುಗಳು ಗಣಕದ ಮಟ್ಟಿಗೆ ಕನ್ನಡವೇ ಅಲ್ಲ. ಇಂಗ್ಲಿಷ್ ಅಕ್ಷರಗಳ ಮತ್ತು ಚಿಹ್ನೆಗಳ ಜಾಗದಲ್ಲಿ ಕುಳಿತ ಕನ್ನಡ ಆಕಾರಗಳು. ಆ ಅಕ್ಷರಶೈಲಿ ಇಲ್ಲದ ವ್ಯವಸ್ಥೆಗೆ ಅವನ್ನು ಸಾಗಿಸಿದರೆ ಅರ್ಥವಿಲ್ಲದ ಚಿಹ್ನೆಗಳ ರಾಶಿ ಮಾತ್ರ ಉಳಿಯುತ್ತದೆ. ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳು ಲಭ್ಯವಿವೆ. ಆದರೂ ಅರ್ಕಾವತ್ತು, ಒತ್ತಕ್ಷರಗಳು ಸ್ವಸ್ಥಾನದಲ್ಲಿವೆಯೇ ಎಂಬುದನ್ನು ಕನ್ನಡ ಬಲ್ಲವರೊಬ್ಬರು ಕಣ್ಣಿನಿಂದಲೇ ನೋಡಬೇಕು. ಹಣ ಕೊಟ್ಟು ಪಡೆದ ಅಕ್ಷರಶೈಲಿಯಾದರೆ ಅದರ ಪರವಾನಗಿ ಹೊಸ ಗಣಕಗಳಿಗೂ ಅನ್ವಯಿಸುತ್ತದೆಯೇ ಎಂಬುದನ್ನೂ ವಿಚಾರಿಸಬೇಕು. ಕಡತವನ್ನು ನಕಲು ಮಾಡಿದ ಮಾತ್ರಕ್ಕೆ ಹಕ್ಕು ಬಂದಂತಾಗುವುದಿಲ್ಲ.

ಭಾರೀ ಯಂತ್ರಗಳಿರುವ ಸಂಸ್ಥೆಗಳೂ ಈ ಪೇಚಿನಿಂದ ಪಾರಾಗಿಲ್ಲ. ಐಬಿಎಂನ ದೊಡ್ಡ ಗಣಕಗಳಲ್ಲಿ ಇಂಗ್ಲಿಷ್ 'ಎ' ಅಕ್ಷರದ ಸಂಕೇತ 193, ಸಾಮಾನ್ಯ ಗಣಕಗಳಲ್ಲಿ 65. ಬರಹವನ್ನು ಒಂದರಿಂದ ಇನ್ನೊಂದಕ್ಕೆ ಸಾಗಿಸುವಾಗ ಈ ಸಂಕೇತಗಳು ಬದಲಾಗಬೇಕು. ಆದರೆ ಫಾರಂನ ಚಿತ್ರ, ಲಾಂಛನ, ಅಕ್ಷರಶೈಲಿಗಳನ್ನು ಒಂದು ಬಿಟ್ಟೂ ಬದಲಿಸದೆ ಇದ್ದಂತೆಯೇ ಸಾಗಿಸಬೇಕು. ಎರಡನ್ನೂ ಒಂದೇ ರೀತಿ ಕಳುಹಿಸಿದರೆ ಪರಿಕರ ಕೆಡುತ್ತದೆ.

ಇವೆಲ್ಲಕ್ಕೂ ತಾಂತ್ರಿಕ ಪರಿಹಾರಗಳಿವೆ, ಯಾವುದೂ ಅಸಾಧ್ಯವಲ್ಲ. ನಿಜವಾದ ಕೊರತೆ ಒಡೆತನದ ಪ್ರಜ್ಞೆಯದು. ಸಣ್ಣ ತಯಾರಕನೊಬ್ಬ ತನ್ನ ಅಚ್ಚನ್ನು ಜಾಬ್ ವರ್ಕ್ ಮಾಡುವವರಲ್ಲಿ ಇಟ್ಟಾಗ ಚಲನ್ ಬರೆದಿಡುತ್ತಾನೆ. ಅಚ್ಚು ಮರಳಿ ಬರಲು ಜಿಎಸ್‌ಟಿ ಕಾಯಿದೆ ಕಾಲಮಿತಿ ಹೇರದಿದ್ದರೂ ಅದು ಯಾರ ಬಳಿ ಇದೆಯೆಂಬುದನ್ನು ಆತ ಮರೆಯುವುದಿಲ್ಲ. ಬಿಲ್ಲಿನ ನಮೂನೆ, ಲೇಬಲ್ಲಿನ ವಿನ್ಯಾಸಗಳೂ ಹಣ ಕೊಟ್ಟು ಮಾಡಿಸಿದ ಅಚ್ಚುಗಳೇ. ಆದರೆ ಅವುಗಳ ಮೂಲ ಕಡತ ತಂತ್ರಾಂಶ ಪೂರೈಸಿದವರ ಗಣಕದಲ್ಲೇ ಉಳಿದಿರುತ್ತದೆ. ಪೂರೈಕೆದಾರ ಊರು ಬಿಟ್ಟರೆ, ಅಥವಾ ಮನಸ್ತಾಪದಿಂದ ದೂರವಾದರೆ, ವರ್ತಕನ ಕೈಯಲ್ಲಿ ಮುದ್ರಿತ ಹಾಳೆಯೊಂದೇ ಗತಿ. "ಅದೆಲ್ಲ ಎರಡು ಗಂಟೆಯ ಕೆಲಸ, ಕೊನೆಯಲ್ಲಿ ಮಾಡಿಕೊಡುತ್ತೇವೆ" ಎಂಬ ಮಾತನ್ನು ಈ ಕಾರಣದಿಂದಲೇ ಒಪ್ಪಲಾಗದು. ನಮೂನೆಗಳ, ಲಾಂಛನದ, ಲೇಬಲ್ಲುಗಳ ಮೂಲ ಕಡತಗಳನ್ನು ಹಸ್ತಾಂತರಿಸುವ ಷರತ್ತು ಕರಾರಿನಲ್ಲಿಯೇ ಇರಬೇಕು, ಕೊನೆಯ ಕಂತಿನ ಹಣ ಅದಕ್ಕೆ ತಗಲಿಕೊಂಡಿರಬೇಕು. ಹಳೆಯ ಬಿಲ್ಲು ಹೊಸ ಬಿಲ್ಲುಗಳನ್ನು ನಿತ್ಯದ ಕಾಗದದ ಮೇಲೆ, ನಿತ್ಯದ ಮುದ್ರಕದಲ್ಲಿ ತೆಗೆದು, ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿದು ನೋಡುವುದು ಪರದೆಯ ಮೇಲೆ ನೋಡುವುದಕ್ಕಿಂತ ಎಷ್ಟೋ ಮೇಲು. ಬಹು ಸಾಲುಗಳ ಬಿಲ್ಲು, ಎರಡನೆಯ ಪುಟಕ್ಕೆ ಹೋಗುವ ಬಿಲ್ಲು, ಉದ್ದ ಹೆಸರಿನ ಗಿರಾಕಿ, ಇವನ್ನೇ ಆರಿಸಿ ಪರೀಕ್ಷಿಸಬೇಕು. ಎರಡು ಸಾಲಿನ ಬಿಲ್ಲು ಎಲ್ಲಿಯೂ ಸರಿಯಾಗಿಯೇ ಬರುತ್ತದೆ.

ಹಳೆಯ ವ್ಯವಸ್ಥೆಯನ್ನು ಗುಜರಿಗೆ ಹಾಕಲು ಆತುರಪಡುವವರು ಇನ್ನೊಂದನ್ನು ಗಮನಿಸಬೇಕು. ಲೆಕ್ಕಪತ್ರಗಳನ್ನು ಆಯಾ ವರ್ಷದ ವಾರ್ಷಿಕ ವಿವರಣೆ ಸಲ್ಲಿಸಬೇಕಾದ ದಿನಾಂಕದಿಂದ 72 ತಿಂಗಳವರೆಗೆ ಕಾಪಾಡಬೇಕೆಂದು ಜಿಎಸ್‌ಟಿ ಕಾಯಿದೆ ವಿಧಿಸಿದೆ. ಹಳೆಯ ಅಂಕಿಅಂಶಗಳನ್ನು ಹೊಸ ನಮೂನೆಯಲ್ಲಿ ಮುದ್ರಿಸಿದರೆ ಬರುವುದು ಇಂದಿನ ವಿಳಾಸ, ಇಂದಿನ ಲಾಂಛನ ಹೊತ್ತ ಬೇರೆಯೇ ಕಾಗದ. ಗಿರಾಕಿಯ ಕಡತದಲ್ಲಿರುವ ಪ್ರತಿಗೂ ಅದಕ್ಕೂ ಹೋಲಿಕೆ ಇರುವುದಿಲ್ಲ. ಹಳೆಯ ಯಂತ್ರ ಕೆಲಸ ಮಾಡುತ್ತಿರುವಾಗಲೇ ಆ ವರ್ಷಗಳ ಬಿಲ್ಲುಗಳನ್ನೆಲ್ಲ ಅಂದಿನ ರೂಪದಲ್ಲೇ ಪಿಡಿಎಫ್ ಮಾಡಿ ಎರಡು ಕಡೆ ಇರಿಸಿಕೊಳ್ಳಬೇಕು. ಪಿಡಿಎಫ್ ಆಗದಷ್ಟು ಹಳೆಯ ಪ್ರೋಗ್ರಾಂ ಇದ್ದಲ್ಲಿ ಕಚೇರಿ ಪ್ರತಿಗಳನ್ನು ಸ್ಕ್ಯಾನ್ ಮಾಡಿಸುವ ಖರ್ಚನ್ನೂ ಹೊಸ ವ್ಯವಸ್ಥೆಯ ಅಂದಾಜು ಪಟ್ಟಿಯಲ್ಲಿಯೇ ಸೇರಿಸಿಕೊಳ್ಳಬೇಕಾಗುತ್ತದೆ.