ಪಾಲುದಾರಿಕೆ ಪತ್ರ: ಪ್ರೀತಿ ಇರುವಾಗಲೇ ಬರೆದಿಡೋಣ



ನಾಸಿಕ್-ತ್ರ್ಯಂಬಕೇಶ್ವರದ ಸಿಂಹಸ್ಥ ಕುಂಭಮೇಳದ ಅಮೃತಸ್ನಾನಗಳು 2027ರಲ್ಲಿವೆ. ಸಮೃದ್ಧಿ ಮಹಾಮಾರ್ಗ 2025ರ ಜೂನ್‌ನಲ್ಲಿ ಪೂರ್ತಿ ತೆರೆಯಿತು. ಛತ್ರಪತಿ ಸಂಭಾಜಿನಗರದ ಶೇಂದ್ರಾ, ಬಿಡ್ಕಿನ್ ಕಡೆ ಹೊಸ ಕಾರ್ಖಾನೆಗಳು ಬರುತ್ತಿವೆ. ಹೀಗಾಗಿ ನಮ್ಮವರಲ್ಲಿ ಹೊಸ ಹೋಟೆಲಿನ ಮಾತು ಜೋರಾಗಿದೆ. ಒಬ್ಬರ ಬಳಿ ಜಾಗ, ಒಬ್ಬರ ಬಳಿ ಹಣ, ಇನ್ನೊಬ್ಬರ ಬಳಿ ಅಡುಗೆಮನೆಯ ಅನುಭವ. ಮೂವರೂ ಸೇರಿದರೆ ಹೋಟೆಲ್ ಆಯಿತು. ಸಂತೋಷವೇ.

ಆದರೆ ನಮ್ಮ ಹಲವರ ಪಾಲುದಾರಿಕೆ ಪತ್ರ ಪ್ಯಾನ್ ಕಾರ್ಡಿಗಾಗಿ, ಬ್ಯಾಂಕ್ ಖಾತೆಗಾಗಿ ಮಾಡಿಸಿದ್ದು. ಹಳೆಯ ಪತ್ರವೊಂದರಲ್ಲಿ ಹೆಸರು ಬದಲಾಯಿಸಿ ಕೊಡುತ್ತಾರೆ, ನಾವು ಸಹಿ ಹಾಕುತ್ತೇವೆ. ಮುಂದೆ ಯಾವ ವಿಷಯಕ್ಕೆ ಜಗಳ ಬರುವುದೋ ಅದೊಂದು ಅದರಲ್ಲಿ ಇರುವುದಿಲ್ಲ.

ಪತ್ರ ಸುಮ್ಮನಿದ್ದ ಕಡೆ 1932ರ ಪಾಲುದಾರಿಕೆ ಕಾಯ್ದೆ ಮಾತಾಡುತ್ತದೆ. ಅದರ ಪ್ರಕಾರ ಲಾಭ-ನಷ್ಟ ಎಲ್ಲರಿಗೂ ಸಮ. ಇಪ್ಪತ್ತು ಲಕ್ಷ ಹಾಕಿದವರಿಗೂ ಐದು ಲಕ್ಷ ಹಾಕಿದವರಿಗೂ ಒಂದೇ. ಬೆಳಿಗ್ಗೆ ಐದಕ್ಕೆ ಶಟರ್ ಎತ್ತುವವರಿಗೂ ಊರಿನಲ್ಲಿರುವ ಸ್ಲೀಪಿಂಗ್ ಪಾರ್ಟ್ನರಿಗೂ ಒಂದೇ. ದುಡಿಯುವವರಿಗೆ ಸಂಬಳ ಕೇಳುವ ಹಕ್ಕಿಲ್ಲ. ಒಪ್ಪಿದ ಬಂಡವಾಳಕ್ಕಿಂತ ಹೆಚ್ಚು ಕೊಟ್ಟ ಹಣಕ್ಕೆ ವರ್ಷಕ್ಕೆ ಶೇ. 6 ಬಡ್ಡಿ ಮಾತ್ರ. ಆದ್ದರಿಂದ ಯಾರ ಹಣ ಎಷ್ಟು, ಯಾರ ದುಡಿಮೆ ಏನು, ಸಂಬಳ ಎಷ್ಟು, ಗಲ್ಲಾ ಪೆಟ್ಟಿಗೆಯಿಂದ ಮನೆಖರ್ಚಿಗೆ ತಿಂಗಳಿಗೆ ಎಷ್ಟು ತೆಗೆಯಬಹುದು ಎಂಬುದೆಲ್ಲ ಅಂಕಿಯಲ್ಲೇ ಇರಬೇಕು. ಪತ್ರದಲ್ಲಿ ಬರೆಯದ ಸಂಬಳವನ್ನು ಆದಾಯ ತೆರಿಗೆಯವರು ಖರ್ಚೆಂದು ಒಪ್ಪುವುದಿಲ್ಲ. 2025ರ ಏಪ್ರಿಲ್ 1ರಿಂದ ಒಬ್ಬ ಪಾಲುದಾರನಿಗೆ ಕೊಡುವ ಸಂಬಳ, ಬಡ್ಡಿ ಸೇರಿ ವರ್ಷಕ್ಕೆ 20,000 ರೂಪಾಯಿ ದಾಟಿದರೆ ಶೇ. 10 ಟಿಡಿಎಸ್ ಕಡಿಯಬೇಕು ಎಂಬುದೂ ನೆನಪಿರಲಿ.

ಎರಡನೆಯದು, ಕಾಗದಗಳು ಯಾರ ಹೆಸರಿನಲ್ಲಿವೆ? ಜಾಗದ ಕರಾರು ಒಬ್ಬರ ಹೆಸರಿನಲ್ಲಿ, ಪರ್ಮಿಟ್ ರೂಮ್ ಲೈಸೆನ್ಸ್ ಇನ್ನೊಬ್ಬರ ಹೆಸರಿನಲ್ಲಿ ಇದ್ದರೆ, ಮನಸ್ತಾಪ ಬಂದ ದಿನ ಹೋಟೆಲಿನ ಬೀಗದ ಕೈ ಅವರ ಜೇಬಿನಲ್ಲಿರುತ್ತದೆ. ಹೋಟೆಲಿನ ಹೆಸರು, ಡಿಪಾಜಿಟ್, ಫುಡ್ ಲೈಸೆನ್ಸ್ ಎಲ್ಲ ಸಂಸ್ಥೆಯ ಸೊತ್ತು ಎಂದು ಬರೆಯಿಸಿ. ಹೋಟೆಲನ್ನು ಕಂಡಕ್ಟಿಂಗ್‌ಗೆ ಕೊಡಬೇಕಾದರೆ, ಸಾಲ ತೆಗೆಯಬೇಕಾದರೆ ಎಲ್ಲರ ಸಹಿ ಬೇಕು ಎಂದೂ ಇರಲಿ. ಸಂಸ್ಥೆಯ ಸಾಲಕ್ಕೆ ಪ್ರತಿಯೊಬ್ಬ ಪಾಲುದಾರನೂ ಪೂರ್ತಿ ಹೊಣೆ. ಸಾಲಗಾರ ಯಾರ ಮನೆ ಬಾಗಿಲಿಗೂ ಬರಬಹುದು.

ಮೂರನೆಯದು ಎಲ್ಲರೂ ಮಾತಾಡಲು ಹಿಂಜರಿಯುವ ವಿಷಯ, ಸಾವು. ಸಂಭಾಜಿನಗರದಲ್ಲಿ ನಮಗೆ ಪರಿಚಯದ ಇಬ್ಬರು ಒಂದೇ ತಟ್ಟೆಯಲ್ಲಿ ಉಂಡವರು. 2021ರಲ್ಲಿ ಒಬ್ಬರು ಕೊರೋನಾದಲ್ಲಿ ತೀರಿಕೊಂಡರು. ಅವರ ಹೆಂಡತಿ ಪಾಲು ಕೇಳಿದಾಗ, ಲಾಕ್‌ಡೌನಿನ ಬಾಡಿಗೆ ಬಾಕಿಯೇ ಪಾಲಿಗಿಂತ ಹೆಚ್ಚು ಎಂಬ ಉತ್ತರ ಬಂತು. ಅದು ನಿಜವೂ ಇರಬಹುದು. ಆದರೆ ಲೆಕ್ಕ ನೋಡುವ ಕ್ರಮವೇ ಪತ್ರದಲ್ಲಿರಲಿಲ್ಲ. ಇಂದು ಆ ಎರಡು ಮನೆಗಳು ಮದುವೆಗೂ ಕರೆಯುವುದಿಲ್ಲ.

ಬೇರೆ ಒಪ್ಪಂದವಿಲ್ಲದಿದ್ದರೆ ಒಬ್ಬರ ಸಾವಿನೊಂದಿಗೆ ಪಾಲುದಾರಿಕೆ ಮುಗಿಯುತ್ತದೆ. ಇಬ್ಬರೇ ಇದ್ದರೆ, ಮುಂದುವರಿಯುತ್ತದೆ ಎಂದು ಬರೆದರೂ ಸಾಲದು. ಒಬ್ಬನೇ ಉಳಿದರೆ ಪಾಲುದಾರಿಕೆ ಎಲ್ಲಿಯದು ಎಂದು ಸುಪ್ರೀಂ ಕೋರ್ಟ್ 1965ರಲ್ಲೇ ಹೇಳಿದೆ. ಆದ್ದರಿಂದ ಹೋಟೆಲಿಗೆ ಬೆಲೆ ಕಟ್ಟುವುದು ಹೇಗೆ, ತೀರಿಕೊಂಡವರ ಮನೆಗೆ ಎಷ್ಟು ತಿಂಗಳಲ್ಲಿ ಎಷ್ಟು ಕಂತಿನಲ್ಲಿ ಹಣ, ಮಗನಿಗೆ ಒಳಬರಲು ಅವಕಾಶ ಇದೆಯೇ ಎಂಬುದನ್ನು ಬರೆಯಲೇಬೇಕು. ಬಿಟ್ಟು ಹೋಗುವವರಿಗೂ ಇದೇ ಕ್ರಮ. ಹೋದವರು ಪಕ್ಕದ ಗಾಳಾದಲ್ಲೇ ಹೋಟೆಲ್ ತೆರೆಯುವುದನ್ನು ಕಾಯ್ದೆ ತಾನಾಗಿ ತಡೆಯುವುದಿಲ್ಲ. ಇಂತಿಷ್ಟು ವರ್ಷ, ಇಂತಿಷ್ಟು ದೂರ ಎಂದು ನ್ಯಾಯವಾದ ಮಿತಿ ಬರೆದಿದ್ದರೆ ಅದು ನಿಲ್ಲುತ್ತದೆ.

ಕೊನೆಯದು, ನೋಂದಣಿ. ರಿಜಿಸ್ಟ್ರಾರ್ ಆಫ್ ಫರ್ಮ್ಸ್‌ನಲ್ಲಿ ನೋಂದಾಯಿಸದಿದ್ದರೆ ಪತ್ರದ ಷರತ್ತು ಹಿಡಿದು ಪಾಲುದಾರನ ಮೇಲೆ ದಾವೆ ಹೂಡಲಾಗದು. ಸಂಸ್ಥೆ ಮುಚ್ಚಿ ಲೆಕ್ಕ ಕೊಡಿ ಎಂದು ಕೇಳುವುದಕ್ಕೂ 1984ರ ಮಹಾರಾಷ್ಟ್ರ ತಿದ್ದುಪಡಿ ಅಡ್ಡ ನಿಂತಿತ್ತು. ಅದನ್ನು 2009ರಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಅಂದರೆ ನೋಂದಣಿ ಇಲ್ಲದಿದ್ದರೆ ಹೋಟೆಲ್ ಮುಚ್ಚಿಸಲು ದಾರಿಯಿದೆ, ನಡೆಸಿಕೊಂಡು ನ್ಯಾಯ ಪಡೆಯಲು ದಾರಿಯಿಲ್ಲ. ಕೋರ್ಟಿಗೆ ಮೊದಲು ಇಬ್ಬರೂ ಒಪ್ಪುವ ಮಧ್ಯಸ್ಥರ ಬಳಿ ಹೋಗಬೇಕು ಎಂಬ ಷರತ್ತೂ ಇರಲಿ.

"ಇಷ್ಟೆಲ್ಲ ಬರೆಯುವುದೆಂದರೆ ನಂಬಿಕೆ ಇಲ್ಲವೆಂದೇ?" ಎಂದು ಕೇಳುವವರಿದ್ದಾರೆ. ತಾಯಿ ಮಗಳಾದರೂ ಬಾಯಿ ಹೊಟ್ಟೆ ಬೇರೆ ಎಂದು ಹಿರಿಯರು ಹೇಳಿದ್ದು ಅಪನಂಬಿಕೆಯಿಂದಲ್ಲ. ನಾವಿಬ್ಬರೂ ಬದುಕಿರುವಾಗ ನಂಬಿಕೆ ಸಾಕು. ನಮ್ಮ ಹೆಂಡತಿ ಮಕ್ಕಳು ಎದುರುಬದುರು ಕೂತಾಗ ಕಾಗದ ಬೇಕು.

ಹತ್ತನೇ ಕ್ಲಾಸು ಮುಗಿಸಿ ಬಸ್ಸು ಹತ್ತಿ ಬಂದ ನಮ್ಮಂಥವರಿಗೆ ಇಂಗ್ಲಿಷ್ ಪತ್ರ ಅರ್ಥವಾಗದಿದ್ದರೆ ನಾಚಿಕೆಯೇನಿಲ್ಲ. ವಕೀಲರಿಂದ ಬಿಡಿಸಿ ಹೇಳಿಸಿಕೊಂಡು, ಕನ್ನಡದಲ್ಲಿ ಒಂದು ಪ್ರತಿ ಮಾಡಿಸಿ ಮನೆಯವರಿಗೆ ಓದಿ ಹೇಳಿ. ಈಗಾಗಲೇ ಪಾಲುದಾರಿಕೆಯಲ್ಲಿ ಇರುವವರು ಈ ವಾರವೇ ಕಪಾಟಿನಿಂದ ಹಳೆಯ ಪತ್ರ ತೆಗೆದು ನೋಡಿ. ಬೇಕಾದ್ದು ಇಲ್ಲದಿದ್ದರೆ ಪೂರಕ ಪತ್ರ ಮಾಡಿಸಲು ಈಗಲೂ ಸಮಯವಿದೆ.