ಸಾಕುಪ್ರಾಣಿಗಳ ತಿನಿಸು: ಮನೆಯ ಒಲೆಯಿಂದ ಮಾರುಕಟ್ಟೆಗೆ

ರಾಗಿ ಹಿಟ್ಟು, ಬೇಯಿಸಿದ ಸಿಹಿಗುಂಬಳ, ಸ್ವಲ್ಪ ತೆಂಗಿನ ತುರಿ, ಒಂದು ಮೊಟ್ಟೆ. ಇವಿಷ್ಟನ್ನು ನಾದಿ, ಬಿಲ್ಲೆ ತಟ್ಟಿ, ತೇವ ಪೂರ್ತಿ ಆರುವವರೆಗೆ ಸುಟ್ಟರೆ ಸಾಕುನಾಯಿಗೆ ತಿನಿಸು ಸಿದ್ಧ. ಉಪ್ಪು, ಸಕ್ಕರೆ ಬೇಕಿಲ್ಲ. ಅರಸೀಕೆರೆ, ಬೇಲೂರು, ಹಳೇಬೀಡು ಭಾಗದಲ್ಲಿ ಈ ಪದಾರ್ಥಗಳಿಗೆ ಕೊರತೆಯೂ ಇಲ್ಲ. ಇದನ್ನೇ ಪೊಟ್ಟಣ ಕಟ್ಟಿ ಮಾರಬಾರದೇಕೆ ಎಂಬ ಆಲೋಚನೆ ಗೃಹೋದ್ಯಮಿಗಳಿಗೆ ಬರುವುದು ಸಹಜ.

ಪ್ರಾಣಿಪ್ರೀತಿ ನಮಗೆ ಹೊಸದಲ್ಲ. ಕಾಡುಹಂದಿಯೊಡನೆ ಹೋರಾಡಿ ಮಡಿದ ಕಾಳಿ ಎಂಬ ನಾಯಿಗೆ ಕಲ್ಲು ನೆಟ್ಟು ಭೂಮಿ ಬಿಟ್ಟ ಸಂಗತಿ ಹತ್ತನೆಯ ಶತಮಾನದ ಆತಕೂರು ಶಾಸನದಲ್ಲಿದೆ. ಬೇಲೂರಿನ ಶುಕಭಾಷಿಣಿಯ ಕೈಯಲ್ಲಿ ಗಿಳಿಯೇ ಇದೆ. (ಇಂದು ನಾಡಗಿಳಿಯನ್ನು ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯನ್ವಯ ಅಪರಾಧ, ಗಿಳಿ ತಿನಿಸಿನ ವ್ಯಾಪಾರಕ್ಕೆ ಹೊರಡುವವರು ಗಮನಿಸಬೇಕು.) ಆದರೆ ಪ್ರೀತಿ ಬೇರೆ, ವ್ಯಾಪಾರ ಬೇರೆ.

2006ರ ಆಹಾರ ಸುರಕ್ಷತಾ ಕಾಯ್ದೆಯು ಪಶು ಆಹಾರವನ್ನು 'ಆಹಾರ'ದ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಉಪ್ಪಿನಕಾಯಿ, ಚಕ್ಕುಲಿ ಮಾರುವವರಿಗಿರುವ ನೋಂದಣಿಯ ಕಟ್ಟುಪಾಡು ಇಲ್ಲಿ ಅನ್ವಯಿಸದು. ಇದನ್ನು ಅನುಕೂಲವೆಂದು ಬಗೆಯುವವರ ಮಾತನ್ನು ನಾನು ಒಪ್ಪುವುದಿಲ್ಲ. ತಪಾಸಣೆಗೆ ಬರುವ ಅಧಿಕಾರಿ ಇಲ್ಲವೆಂದರೆ ಹೊಣೆಯೆಲ್ಲ ತಯಾರಕನ ಮೇಲೆಯೇ ಬಿತ್ತೆಂದು ಅರ್ಥ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಉತ್ಪನ್ನ ಹೊಣೆಗಾರಿಕೆಯಲ್ಲಿ ಗ್ರಾಹಕನ ಸ್ವತ್ತಿಗಾದ ಹಾನಿಯೂ ಸೇರುತ್ತದೆ. ಕಾನೂನಿನ ಕಣ್ಣಿಗೆ ಸಾಕುನಾಯಿಯೂ ಸ್ವತ್ತೇ.

ಅಪಾಯವಾದರೂ ಎಲ್ಲಿದೆ? ನಮ್ಮ ಕೊಬ್ಬರಿಯಲ್ಲಿಯೇ ಇದೆ. ಸರಿಯಾಗಿ ಒಣಗದ ಕೊಬ್ಬರಿಗೆ ಬೂಷ್ಟು ಹಿಡಿದರೆ ಅದರಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟಬಹುದು. ಅದು ನಾಯಿಯ ಯಕೃತ್ತನ್ನು ಕೆಡಿಸುತ್ತದೆ. ಒಲೆಯ ಶಾಖಕ್ಕೆ ಪೂರ್ತಿ ನಾಶವಾಗುವುದಿಲ್ಲ. ಮಂಡಿಯಲ್ಲಿ ವಿಂಗಡಿಸಿ ಬಿಸುಟ ಹೋಳುಗಳು ಅಗ್ಗವೆಂದು ತಿನಿಸಿಗೆ ಬಳಸುವುದು ಸಲ್ಲದು. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ನಾಶಮಾಡುತ್ತವೆ. ಒಣದ್ರಾಕ್ಷಿ ಮೂತ್ರಪಿಂಡಕ್ಕೆ ಮಾರಕ. ಚಾಕೊಲೇಟ್, ಕಾಫಿ ಎರಡೂ ವರ್ಜ್ಯ. ಬೇಲೂರು ಸೀಮೆಯ ಕಾಫಿಯನ್ನು ಪರಿಮಳಕ್ಕೆಂದು ಬೆರೆಸುವ ಹುಮ್ಮಸ್ಸು ಯಾರಿಗೂ ಬೇಡ. ದೊಡ್ಡ ಕಂಪನಿಗಳೂ ಎಡವಿವೆ. 2007ರಲ್ಲಿ ಚೀನಾದಿಂದ ತರಿಸಿದ ಕಚ್ಚಾ ಪದಾರ್ಥದಲ್ಲಿ ಮೆಲಮೈನ್ ಬೆರೆತಿದ್ದುದರಿಂದ ಉತ್ತರ ಅಮೆರಿಕದಲ್ಲಿ ಕೋಟಿಗಟ್ಟಲೆ ಪೊಟ್ಟಣಗಳನ್ನು ಹಿಂಪಡೆಯಬೇಕಾಯಿತು.

ಇನ್ನು ತೆರಿಗೆಯ ವಿಷಯ. ದನಕ್ಕೆ ಹಾಕುವ ಹಿಂಡಿ, ಬೂಸಾ ಜಿಎಸ್‌ಟಿಯಿಂದ ಮುಕ್ತ. ಚಿಲ್ಲರೆ ಮಾರಾಟಕ್ಕೆ ಪೊಟ್ಟಣ ಕಟ್ಟಿದ ನಾಯಿ, ಬೆಕ್ಕುಗಳ ಆಹಾರಕ್ಕೆ ಶೇ. 18. ರಾಜ್ಯದೊಳಗಿನ ಮಾರಾಟವಾದರೆ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ಮೀರುವವರೆಗೆ ನೋಂದಣಿ ಕಡ್ಡಾಯವಲ್ಲ. ಹೊಸೂರಿನ ಗಿರಾಕಿಗೆ ಒಂದೇ ಪೊಟ್ಟಣ ಮಾರಿ ಕಳುಹಿಸಿದರೂ ಅದು ಅಂತರರಾಜ್ಯ ಮಾರಾಟ, ನೋಂದಣಿ ಬೇಕು. ಪೊಟ್ಟಣದ ಮೇಲೆ ತಯಾರಕರ ಹೆಸರು, ವಿಳಾಸ, ನಿವ್ವಳ ತೂಕ, ತಯಾರಿಕೆಯ ತಿಂಗಳು, ಗರಿಷ್ಠ ಮಾರಾಟ ಬೆಲೆ ಇರಲೇಬೇಕು.

ಲೆಕ್ಕ ತಪ್ಪುವುದು ಹೆಚ್ಚಾಗಿ ಕೂಲಿಯಲ್ಲಿ. ಉದಾಹರಣೆಗೆ ಒಂದು ಕಿಲೋ ತಿನಿಸಿಗೆ ಸಾಮಗ್ರಿ 120, ಅನಿಲ 30, ಪೊಟ್ಟಣ 25 ರೂಪಾಯಿ ಎಂದಿಟ್ಟುಕೊಳ್ಳೋಣ. 300ಕ್ಕೆ ಮಾರಿದರೆ 125 ರೂಪಾಯಿ ಲಾಭ ಕಾಣುತ್ತದೆ. ಮನೆಯಾಕೆಯ ಮೂರು ಗಂಟೆಯ ದುಡಿಮೆಯನ್ನು ಗಂಟೆಗೆ 60ರಂತೆ ಸೇರಿಸಿದರೆ ಅದೇ ವ್ಯಾಪಾರ 55 ರೂಪಾಯಿ ನಷ್ಟ. ಗೃಹೋದ್ಯಮವೆಂದರೆ ಗೃಹಿಣಿಯ ಶ್ರಮ ಪುಕ್ಕಟೆ ಎಂಬ ಭಾವನೆ ನಮ್ಮ ಲೆಕ್ಕಪುಸ್ತಕಗಳಿಂದ ಇನ್ನೂ ತೊಲಗಿಲ್ಲ.

ಸಂಘಕ್ಕೆ ನನ್ನದೊಂದು ಸಲಹೆಯಿದೆ. ಹಾಸನದ ಪಶುವೈದ್ಯಕೀಯ ಕಾಲೇಜಿನ ತಜ್ಞರನ್ನು ಕರೆಸಿ ಒಂದು ದಿನದ ತರಬೇತಿ ಏರ್ಪಡಿಸಬಹುದು. ಬೂಷ್ಟಿನ ವಿಷದ ಪರೀಕ್ಷೆಯ ಖರ್ಚು ಒಂದು ಮನೆಗೆ ಭಾರವೇ ಸರಿ. ಒಂದೇ ರಾಶಿಯಿಂದ ಕೊಬ್ಬರಿ ಕೊಂಡು, ಆ ರಾಶಿಯ ಮಾದರಿಯನ್ನು ಒಟ್ಟಾಗಿ ಪರೀಕ್ಷೆಗೆ ಕಳುಹಿಸಿದರೆ ಎಂಟು-ಹತ್ತು ಘಟಕಗಳು ಅದನ್ನು ಹಂಚಿಕೊಳ್ಳಬಹುದು.