ನೆರೆನಾಡಿನ ಶಾಸನ

ಬೆಂಗಳೂರಿನಿಂದ ಮಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿ, ಚನ್ನರಾಯಪಟ್ಟಣಕ್ಕೆ ಮುಂಚೆ ಹಿರೀಸಾವೆ ಸಿಗುತ್ತದೆ. ಕರಾವಳಿಯ ಬಸ್ಸುಗಳು ಈ ದಾರಿಯಲ್ಲಿ ಸಾಗುವುದರಿಂದ ಇಲ್ಲಿಯ ಕಾಫಿ ಹೋಟೆಲಿನ ಬೆಂಚುಗಳ ಮೇಲೆ ಪರಸ್ಥಳದ ಸಮಾಚಾರಗಳಿಗೆ ಎಂದೂ ಬರವಿಲ್ಲ. 2026ರ ಜನವರಿಯ ಒಂದು ಮುಂಜಾನೆ ನಿವೃತ್ತ ಮೇಷ್ಟರೊಬ್ಬರೂ, ಈಗ ತೆಂಗಿನಕಾಯಿ ವ್ಯಾಪಾರಿಯಾಗಿರುವ ಅವರ ಹಳೆಯ ಶಿಷ್ಯನೂ ಒಂದೇ ದಿನಪತ್ರಿಕೆಯನ್ನು ಹಂಚಿಕೊಂಡು ಕುಳಿತಿದ್ದರು.

“ಕೇರಳದವರು ಅವರ ನಾಡಿಗೆ ಕಾಯಿದೆ ಮಾಡಿಕೊಂಡರೆ ನಮ್ಮ ಮುಖ್ಯಮಂತ್ರಿಗಳು ಕಾಗದ ಬರೆಯುವುದು ಯಾಕೆ ಮೇಷ್ಟ್ರೇ? ನಾಳೆ ಮಹಾರಾಷ್ಟ್ರದವರು ಬೆಳಗಾವಿಯ ವಿಷಯಕ್ಕೆ ಬುದ್ಧಿ ಹೇಳಲು ಬಂದರೆ ನಾವು ಕೇಳಿಕೊಂಡು ಕೂರುತ್ತೇವೆಯೇ?” ಎಂದು ಶಿಷ್ಯ ಕೇಳಿದ.

“ಅಲ್ಲಿ ಓದುವ ಮಗು ಕನ್ನಡದ್ದಲ್ಲವೇನಯ್ಯಾ?” ಎಂದು ಮೇಷ್ಟರು ಮರುಪ್ರಶ್ನೆ ಹಾಕಿದರು.

ಎರಡು ಪ್ರಶ್ನೆಗಳೂ ತಳ್ಳಿಹಾಕುವಂಥವಲ್ಲ. ಕೇರಳ ವಿಧಾನಸಭೆಯು 2025ರಲ್ಲಿ ಮಲಯಾಳ ಭಾಷಾ ಮಸೂದೆಯನ್ನು ಅಂಗೀಕರಿಸಿತು. ಶಾಲೆಗಳಲ್ಲಿ ಹತ್ತನೆಯ ತರಗತಿಯವರೆಗೆ ಮಲಯಾಳವನ್ನು ಪ್ರಥಮ ಭಾಷೆಯಾಗಿಸುವ ಈ ಮಸೂದೆಯಿಂದ ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ಗತಿಯೇನೆಂಬ ಆತಂಕ ಹುಟ್ಟಿತು. ಕರ್ನಾಟಕದ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಮಸೂದೆಯನ್ನು ಮರುಪರಿಶೀಲಿಸಬೇಕೆಂದು ಪಿಣರಾಯಿ ವಿಜಯನ್ ಅವರಿಗೆ ಪತ್ರ ಬರೆದರು. ಭಾಷಾ ಅಲ್ಪಸಂಖ್ಯಾತರ ಹಕ್ಕುಗಳಿಗೆ ಮಸೂದೆಯಲ್ಲಿಯೇ ರಕ್ಷಣೆಯಿದೆ ಎಂದು ಅತ್ತಲಿಂದ ಉತ್ತರ ಬಂದಿತು.

ಶಿಷ್ಯನ ಮಾತಿನಲ್ಲಿ ಬಲವಿದೆ. ಕಾಯಿದೆ ಮಾಡುವ ಅಧಿಕಾರ ಮತದಾರರಿಂದ ಬಂದುದು. ಹಿರೀಸಾವೆಯ ಮತದಾರನಿಗೆ ತಿರುವನಂತಪುರದ ಸಭೆಯಲ್ಲಿ ಪ್ರತಿನಿಧಿಯಿಲ್ಲ. 2022ರ ಡಿಸೆಂಬರಿನಲ್ಲಿ ಬೆಳಗಾವಿಯೂ ಸೇರಿದಂತೆ 865 ಹಳ್ಳಿಗಳು ತಮಗೆ ಸೇರಬೇಕೆಂದು ಮಹಾರಾಷ್ಟ್ರದ ಶಾಸನಸಭೆಯು ನಿರ್ಣಯ ಮಾಡಿದಾಗ ಕನ್ನಡಿಗರಿಗೆ ಬಂದ ಕೋಪವನ್ನು ಯಾರೂ ಮರೆತಿಲ್ಲ. ಅದೂ ಸಾಲದೆಂಬಂತೆ, ಎಲ್ಲ ಶಾಲೆಗಳಲ್ಲಿಯೂ ಕನ್ನಡವನ್ನು ಕಲಿಸಲೇಬೇಕೆಂದು ಕರ್ನಾಟಕವೇ 2015ರಲ್ಲಿ ಕಾಯಿದೆ ಮಾಡಿದೆ. ಆದರೆ ಆ ಕಾಯಿದೆಯು ಕನ್ನಡವನ್ನು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಕಲಿಯಲು ಎಡೆಗೊಟ್ಟಿದೆ. ಆ ‘ಅಥವಾ’ ಎಂಬ ಒಂದು ಮಾತಿನಲ್ಲಿ ಅನ್ಯಭಾಷೆಯ ಮಗುವಿನ ತಾಯ್ನುಡಿಗೆ ಉಳಿಯಲು ತಾವಿದೆ.

ಮೇಷ್ಟರ ಪ್ರಶ್ನೆಯ ಬಲ ಬೇರೆಯದು. ಕಾಸರಗೋಡಿನ ಕನ್ನಡಿಗರು ಎಲ್ಲಿಂದಲೋ ವಲಸೆ ಹೋದವರಲ್ಲ; ಅವರು ಇದ್ದಲ್ಲಿಯೇ ಇದ್ದರು. 1956ರ ನವೆಂಬರ್ 1ರಂದು ಗಡಿಯು ಅವರನ್ನು ದಾಟಿ ಹೋಯಿತು. ಸಂಖ್ಯೆಯಲ್ಲಿ ಅಲ್ಪರಾದವರು ಮತದಿಂದಲೇ ಎಲ್ಲವನ್ನೂ ಗೆಲ್ಲಲಾರರೆಂದು ರಾಜ್ಯಾಂಗವೂ ಬಲ್ಲುದು. ಆದುದರಿಂದಲೇ ಅದೇ ವರ್ಷದ ಏಳನೆಯ ತಿದ್ದುಪಡಿಯು 350ಎ ವಿಧಿಯನ್ನು ಸೇರಿಸಿ, ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸುವ ಹೊಣೆಯನ್ನು ರಾಜ್ಯಗಳಿಗೆ ವಹಿಸಿತು. 350ಬಿ ವಿಧಿಯು ಭಾಷಾ ಅಲ್ಪಸಂಖ್ಯಾತರಿಗಾಗಿ ವಿಶೇಷಾಧಿಕಾರಿಯೊಬ್ಬರ ನೇಮಕಕ್ಕೆ ದಾರಿಮಾಡಿತು. ರಾಜ್ಯದ ಮಸೂದೆಯನ್ನು ರಾಷ್ಟ್ರಪತಿಗಳ ಪರಿಶೀಲನೆಗೆ ಕಾದಿರಿಸುವ ಅವಕಾಶ ರಾಜ್ಯಪಾಲರಿಗೆ 200ನೆಯ ವಿಧಿಯಲ್ಲಿದೆ. ಬಾಗಿಲುಗಳು ಇರುವಾಗ ಅವುಗಳನ್ನು ತಟ್ಟುವುದು ಅತಿಕ್ರಮವೆನಿಸದು.

ಹಾಗಾದರೆ ಹೊರಗಿನವರು ತಟ್ಟಬೇಕಾದ ಬಗೆ ಯಾವುದು? ಇದಕ್ಕೆ ಉತ್ತರ ಹಿರೀಸಾವೆಯ ತಾಲ್ಲೂಕಿನಲ್ಲಿಯೇ, ಕಲ್ಲಿನ ಮೇಲಿದೆ. ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿ 1368ರ ಬುಕ್ಕರಾಯನ ಶಾಸನವುಂಟು. ಜೈನರಿಗೂ ಶ್ರೀವೈಷ್ಣವರಿಗೂ ಕಲಹ ಹುಟ್ಟಿದಾಗ ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೇಹ ಮೊದಲಾದ ನಾಡುಗಳ ಜೈನರು ಒಟ್ಟುಗೂಡಿ ಅರಸನಲ್ಲಿ ಮೊರೆಯಿಟ್ಟರು. ಅರಸನು ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿ, ಜೈನರ ಕೈಯನ್ನು ಶ್ರೀವೈಷ್ಣವರ ಕೈಯಲ್ಲಿರಿಸಿದನು. ಬೆಳಗೊಳದ ತೀರ್ಥಕ್ಕೆ ಇಪ್ಪತ್ತು ಮಂದಿ ಕಾವಲಿನವರನ್ನು ನೇಮಿಸುವ ಹೊಣೆಯು ತಿರುಮಲೆಯ ತಾತಯ್ಯನಿಗೆ ಬಂದಿತು; ವೆಚ್ಚಕ್ಕೆ ಜೈನರ ಮನೆಮನೆಯಿಂದ ವರ್ಷಕ್ಕೊಂದು ಹಣ. ಸಣ್ಣವರ ರಕ್ಷಣೆಯು ಯಾರಿಂದ ಭಯವಿತ್ತೋ ಅವರ ಕೈಗೇ ಒಪ್ಪಿತವಾಯಿತು. ದೂರದವರು ಬಂದು ಕಾವಲು ನಿಂತಿದ್ದರೆ ಅವರು ಮರಳಿದ ದಿನವೇ ಕಲಹವೂ ಮರಳುತ್ತಿತ್ತು.

ಇಂದಿಗೂ ನೆನೆಯಬೇಕಾದ ನೀತಿ ಇದೇ. ಭಾಷಣ ಮಾಡಿದವನು ರಾತ್ರಿಯ ಬಸ್ಸಿಗೆ ಬೆಂಗಳೂರಿಗೆ ಹಿಂದಿರುಗುತ್ತಾನೆ; ಮರುದಿನ ಅದೇ ಕಚೇರಿಯ ಕಿಟಕಿಯ ಮುಂದೆ, ಅದೇ ನೆರೆಹೊರೆಯಲ್ಲಿ ಬಾಳಬೇಕಾದವನು ಕಾಸರಗೋಡಿನ ಕನ್ನಡಿಗ. ಆದಕಾರಣ ಅವನ ಬೇಡಿಕೆಯೇನೆಂದು ಮೊದಲು ಕೇಳಿ, ಅದನ್ನಷ್ಟೇ ಎತ್ತಿ ಹೇಳುವುದು ಮೇಲು. ಚಂದ್ರಗಿರಿ ಹೊಳೆಯ ಉತ್ತರದ ಪ್ರದೇಶವು ಮೈಸೂರಿಗೆ ಸೇರಬೇಕೆಂದು ಮಹಾಜನ ಆಯೋಗವು 1967ರಲ್ಲಿ ಶಿಫಾರಸು ಮಾಡಿದ್ದುದು ನಿಜ. ಆದರೆ ಗಡಿಯ ವ್ಯಾಜ್ಯವನ್ನು ಮಗುವಿನ ಪಾಠದ ಮಾತಿನೊಡನೆ ಬೆರೆಸಿದರೆ, ಪಾಠದ ಬೇಡಿಕೆಯೂ ನೆಲದ ಬೇಡಿಕೆಯಂತೆ ಕಾಣುವುದು. ಕೊಡಲು ಮನಸ್ಸಿದ್ದವರೂ ಕೈ ಹಿಂದೆಗೆಯುವರು. ರಕ್ಷಣೆಯಿದೆಯೆಂದು ಕೇರಳವೇ ನುಡಿದಿರುವಾಗ, ಆ ನುಡಿಯು ಕನ್ನಡ ಶಾಲೆಯ ತರಗತಿಯಲ್ಲಿ, ಪಠ್ಯಪುಸ್ತಕದಲ್ಲಿ, ಕನ್ನಡ ಬಲ್ಲ ಉಪಾಧ್ಯಾಯರ ನೇಮಕದಲ್ಲಿ ನಿಜವಾಗಲೆಂದು ಕೇಳುವುದೇ ಉಚಿತವಾದ ಮಾರ್ಗ.

ಹೋಟೆಲಿನ ಬೆಂಚಿನ ಮೇಲೆ ಕಾಫಿ ಮುಗಿದಿತ್ತು. ಮೇಷ್ಟರು ಪತ್ರಿಕೆಯನ್ನು ಮಡಿಸುತ್ತ, “ಅವರ ಕಾಗದದ ಮಾತು ಹಾಗಿರಲಿ. ನೀನೇ ಬರೆಯುವುದಾದರೆ ಏನೆಂದು ಬರೆಯುತ್ತಿದ್ದೆ?” ಎಂದು ಕೇಳಿದರು.

ಶಿಷ್ಯ ಕೊಂಚ ಹೊತ್ತು ಯೋಚಿಸಿದ. “ನಮ್ಮಲ್ಲಿರುವ ಮಲಯಾಳದ ಮಗುವಿಗೆ, ಮರಾಠಿಯ ಮಗುವಿಗೆ ನಾವು ಏನು ಕೊಟ್ಟಿದ್ದೇವೆ ಎಂಬುದನ್ನು ಮೊದಲ ಸಾಲಿನಲ್ಲಿ ಬರೆಯುತ್ತಿದ್ದೆ ಮೇಷ್ಟ್ರೇ. ಆ ಸಾಲು ಬರೆಯಲು ಕೈ ತಡೆದರೆ ಕಾಗದವನ್ನು ಅಲ್ಲಿಗೇ ನಿಲ್ಲಿಸುತ್ತಿದ್ದೆ.”

“ನಿಲ್ಲಿಸಬೇಡ. ಕೊಡಬೇಕಾದುದನ್ನು ಕೊಟ್ಟು ಬಂದು, ಕಾಗದ ಮುಗಿಸು” ಎಂದು ಹೇಳಿ ಮೇಷ್ಟರು ಎದ್ದರು.